ನಾಳೆ ಮಾಸ್ಟರ್ ಕೊಟ್ಟ ತಾರೀಕು

ಊರಿಗೆಲ್ಲ ‘ನಾಳೆ ಮಾಸ್ಟರ್’ ಎಂದೇ ಹೆಸರಾದ ದರ್ಜಿ ಹೊಲಿದ ಅಂಗಿಗೆ ಕುಂದು ಹೇಳಿದವರಿಲ್ಲ. ಅದನ್ನು ಹೇಳಿದ ದಿನಕ್ಕೆ ಪಡೆದವರೂ ಇಲ್ಲ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬಾಗಿಲ ಬೆಳಕಿಗೆ ಮುಖ ಮಾಡಿದ ಹೊಲಿಗೆ ಮಿಷನ್, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಗೂಡುಗಳ ತುಂಬ ಚೀಟಿ ಚುಚ್ಚಿದ ಬಟ್ಟೆಗಳು. ಪ್ರತಿ ಚೀಟಿಯ ಮೇಲೂ ಒಂದು ತಾರೀಕು. ಆ ತಾರೀಕಿಗೂ ಮಾಸ್ಟರ್ ಮನಸ್ಸಿನಲ್ಲಿರುವ ತಾರೀಕಿಗೂ ಸರಿಯಾಗಿ ನಾಲ್ಕು ದಿನದ ಅಂತರ. ಚೀಟಿಯದು ಗಿರಾಕಿಯ ಸಮಾಧಾನಕ್ಕೆ, ಮನಸ್ಸಿನದು ಕೆಲಸಕ್ಕೆ. ಇದನ್ನು ಸುಳ್ಳು ಎಂದರೆ ಅವರಿಗೆ ಸಿಟ್ಟು ಬರುತ್ತದೆ.

“ಹೊಲಿಯೋವಾಗ ಒಳಗಡೆ ಎರಡು ಬೆರಳು ಬಟ್ಟೆ ಬಿಡಲ್ವಾ? ತಾರೀಕಿನಲ್ಲೂ ಅಷ್ಟೇ. ಒಳಗೆ ಸ್ವಲ್ಪ ಬಿಟ್ಟಿರಬೇಕು” ಎನ್ನುತ್ತಾರೆ.

ಹೇಳಿದ ದಿನ ಗಿರಾಕಿ ಬಂದು ನಿಂತರೆ ಅವರ ಬಳಿ ಒಂದು ಸಿದ್ಧ ಉತ್ತರವಿದೆ: “ಆಗೋಯ್ತು, ಗುಂಡಿ ಒಂದೇ ಬಾಕಿ.” ಅಷ್ಟು ಹೊತ್ತಿಗೆ ಆ ಬಟ್ಟೆಗೆ ಕತ್ತರಿಯೇ ತಾಗಿರುವುದಿಲ್ಲ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಅನ್ನುವುದು ನಿಜವಾದರೆ ಮಾಸ್ಟರ್ ಇನ್ನೂ ಹತ್ತು ಹದಿನೈದು ತಲೆಮಾರು ಆರಾಮಾಗಿ ಬದುಕಬಹುದು.

ಆ ಬಾಕಿ ಇರುವ ಗುಂಡಿ ಹಚ್ಚುವವರು ಅವರ ಹೆಂಡತಿ. ಬಾಗಿಲ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಕೂತು ಗುಂಡಿಯ ತೂತಿಗೆ ಕಾಜಾ ಹೊಲಿದು, ಗುಂಡಿ ಹಚ್ಚಿ, ಅಂಚು ಮಡಿಸುವುದು ಮೂವತ್ತು ವರ್ಷಗಳಿಂದ ಅವರ ಕೆಲಸ. ಗಿರಾಕಿಗಳಿಗೆ ಅವರು ಕಾಜಾ ಅಕ್ಕ. ಮಾಸ್ಟರ್ ಹೇಳುವ ತಾರೀಕುಗಳನ್ನೆಲ್ಲ ಅವರಷ್ಟು ಹತ್ತಿರದಿಂದ ಕೇಳಿದವರು ಲೋಕದಲ್ಲಿ ಮತ್ತೊಬ್ಬರಿಲ್ಲ, ಆದ್ದರಿಂದ ನಂಬದೇ ಇರುವುದರಲ್ಲೂ ಅವರೇ ಮೊದಲಿಗರು.

ಒಂದು ಮಧ್ಯಾಹ್ನ ಅವರು ಕೆಲಸ ನಿಲ್ಲಿಸದೆಯೇ ಹೇಳಿದರು: “ರೀ, ಅಕ್ಕ ಭಾವ ಈ ತಿಂಗಳ ಕೊನೆಗೆ ಬೆಟ್ಟದ ಕಡೆ ಹೋಗ್ತಾರಂತೆ. ಕಾಡು, ಜಲಪಾತ ಎಲ್ಲ ನೋಡ್ಕೊಂಡು ಬರ್ತಾರಂತೆ. ನಾನೂ ಅವರ ಜೊತೆ ಹೋಗ್ಬರ್ತೀನಿ.”

“ಅವರ ಜೊತೆ ಯಾಕೆ? ನಾವೇ ಹೋಗೋಣ. ಮುಂದಿನ ತಿಂಗಳು ಕೆಲಸ ಸ್ವಲ್ಪ ಕಮ್ಮಿಯಾದ ಮೇಲೆ...”

“ಬೇಡ ಬಿಡಿ. ಮದುವೆಯಾದಾಗಿನಿಂದ ಕೇಳ್ತಾ ಬಂದೆ. ಇನ್ನು ಕೇಳಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಹಲ್ಲಿನಿಂದ ದಾರ ಕಡಿದು, ಮುಂದಿನ ಅಂಗಿ ಎತ್ತಿಕೊಂಡರು. ಅದೇ ಮಾಸ್ಟರ್ ಎದೆಗೆ ತಾಗಿತು. ಬೈದಿದ್ದರೆ ಅವರು ನಗುತ್ತಿದ್ದರು, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದರು. ಆದರೆ ಮೂರು ಸಲ ಬಂದು ಬರಿಗೈಯಲ್ಲಿ ಹಿಂತಿರುಗಿದ ಗಿರಾಕಿ ನಾಲ್ಕನೆಯ ಸಲ ಏನೂ ಮಾತಾಡದೆ ಬಟ್ಟೆ ವಾಪಸ್ ತೆಗೆದುಕೊಂಡು ಹೋಗುವಾಗ ಇರುವ ಮುಖ ಅವರಿಗೆ ಗೊತ್ತು. ಅಂಥ ಗಿರಾಕಿ ಮತ್ತೆ ಬರುವುದಿಲ್ಲ. ಹೆಂಡತಿಯ ಮುಖದಲ್ಲಿ ಅದನ್ನು ಕಂಡು ಮಾಸ್ಟರ್‌ಗೆ ನಿಜವಾಗಿ ಭಯವಾಯಿತು.

ಅಂದೇ ಸಂಜೆ ಅವರು ಮಗಳನ್ನು ಕರೆಸಿಕೊಂಡರು. ಮಗಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ, ಫೋನಿನಲ್ಲಿ ಏನು ಬೇಕಾದರೂ ಹುಡುಕಿ ಕೊಡುತ್ತಾಳೆ. ಒಂದು ಗಂಟೆ ಹುಡುಕಿ ಅವಳು ಒಂದು ಹೋಂಸ್ಟೇ ಹಿಡಿದಳು. ಬೆಟ್ಟದ ಇಳಿಜಾರಿನಲ್ಲಿ ಒಂದು ಹೆಂಚಿನ ಮನೆ, ಹಿಂದೆ ತೊರೆ, ಅರ್ಧ ಗಂಟೆ ನಡೆದರೆ ಜಲಪಾತ, ಇನ್ನೊಂದು ದಿಕ್ಕಿಗೆ ಹತ್ತಿದರೆ ಸೂರ್ಯೋದಯ ಕಾಣುವ ಬಂಡೆ. ಆ ಮನೆಯ ಯಜಮಾನರು ಜೇನು ಸಾಕುತ್ತಾರೆ, ಅವರ ಹೆಂಡತಿ ಅಡುಗೆ ಮಾಡಿ ಬಡಿಸುತ್ತಾರೆ, ಇರುವುದು ಒಂದೇ ಕೋಣೆ.

“ಅರ್ಧ ಗಂಟೆ ನಡಿಗೆ ಅಂದ್ರೆ ಎಷ್ಟು ದೂರ? ನಿಮ್ಮಮ್ಮನ ಮಂಡಿ ತಡೆಯುತ್ತಾ?” ಎಂದು ಮಾಸ್ಟರ್ ಕೊರಳಿನ ಟೇಪು ತೆಗೆದು ಫೋನಿನ ಪರದೆಯ ಮೇಲಿದ್ದ ನಕ್ಷೆಯನ್ನೇ ಅಳೆಯಲು ಹೊರಟರು.

“ಅಪ್ಪಾ, ಬೆರಳಲ್ಲಿ ಎಳೆದರೆ ನಕ್ಷೆ ದೊಡ್ಡದಾಗುತ್ತೆ. ಅದನ್ನ ಟೇಪಲ್ಲಿ ಅಳೆದು ಏನ್ ಮಾಡ್ತೀಯಾ?”

“ದೊಡ್ಡದಾಗುತ್ತಾ? ಹಾಗಾದ್ರೆ ಸಣ್ಣದು ಮಾಡು, ಬೇಗ ತಲುಪಬಹುದು” ಎಂದರು ಮಾಸ್ಟರ್. ಸ್ಟೂಲಿನ ಕಡೆಯಿಂದ ಸಣ್ಣ ನಗು ಕೇಳಿದ ಹಾಗಾಯಿತು, ಆದರೆ ತಿರುಗಿ ನೋಡುವಷ್ಟರಲ್ಲಿ ಅಲ್ಲಿ ಅಂಗಿಯ ಮೇಲೆ ಬಗ್ಗಿದ ತಲೆ ಮಾತ್ರ ಇತ್ತು.

ಮರುದಿನದಿಂದ ಮಾಸ್ಟರ್ ಮೈಮೇಲೆ ಪ್ರವಾಸವೇ ಬಂದಂತಾಯಿತು. ಕತ್ತರಿಸುವ ಮೇಜಿನ ಅಂಚಿಗೆ ಸೀಮೆಸುಣ್ಣದಲ್ಲಿ ಬಸ್ಸಿನ ವೇಳೆಗಳನ್ನು ಬರೆದರು. ಮೊದಲ ದಿನ ಸಂಜೆ ತೊರೆ, ಎರಡನೆಯ ದಿನ ಬೆಳಗ್ಗೆ ಬಂಡೆ, ತಿಂಡಿಯಾದ ಮೇಲೆ ಜಲಪಾತ, ಮಧ್ಯಾಹ್ನ ನಿದ್ದೆ. ನಿದ್ದೆಯ ಕೆಳಗೆ ಎರಡು ಗೆರೆ ಎಳೆದರು. ಗೂಡುಗಳಲ್ಲಿದ್ದ ಕೆಲಸವನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕಿ, ಇಪ್ಪತ್ತೆರಡನೇ ತಾರೀಕು ಬೆಳಗ್ಗೆ ಹೊರಡುವುದು ಎಂದು ನಿರ್ಧರಿಸಿದರು. ಇದು ಒಳಗೆ ಬಟ್ಟೆ ಬಿಟ್ಟ ತಾರೀಕಲ್ಲ, ಅಪ್ಪಟ ತಾರೀಕು. ಮೂವತ್ತು ವರ್ಷದಲ್ಲಿ ಅಂಥದ್ದೊಂದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಇಪ್ಪತ್ತೆರಡಕ್ಕೆ ಹೊರಡ್ತೀವಿ ಕಣೇ. ನಿಜವಾಗ್ಲೂ.”

“ಆಯ್ತು” ಎಂದರು ಹೆಂಡತಿ. ಗಿರಾಕಿಗಳೂ ಹೀಗೆಯೇ ಆಯ್ತು ಎನ್ನುತ್ತಾರೆ.

ಹೆಂಡತಿಯನ್ನು ನಂಬಿಸುವುದಕ್ಕಾಗಿಯೇ ಮಾಸ್ಟರ್ ಮತ್ತೊಂದು ಕೆಲಸಕ್ಕೆ ಕೈಹಾಕಿದರು. ಬೆಟ್ಟದ ಮೇಲೆ ಸಂಜೆ ಚಳಿ ಇರುತ್ತದಂತೆ. ಊರಿನವರಿಗೆಲ್ಲ ಕೋಟು ಹೊಲಿದವರ ಹೆಂಡತಿಗೆ ಒಂದು ಕೋಟಿರಲಿಲ್ಲ. ಅದಕ್ಕೆಂದು ತಂದ ನೀಲಿ ಉಣ್ಣೆ ಬಟ್ಟೆ ನಾಲ್ಕು ವರ್ಷದಿಂದ ಮೇಲಿನ ಗೂಡಿನಲ್ಲಿ ಕೂತಿತ್ತು. ಅದನ್ನು ಇಳಿಸಿ, ಧೂಳು ಕೊಡವಿ, ಹೆಂಡತಿಯನ್ನು ನಿಲ್ಲಿಸಿ ಅಳತೆ ತೆಗೆದುಕೊಂಡರು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ತಪ್ಪಿದ್ದು ಒಂದೇ ಕಡೆ. ಹೋಂಸ್ಟೇಗೆ ಫೋನ್ ಮಾಡಿ ಕೋಣೆ ಹಿಡಿದದ್ದು ಸ್ವತಃ ಮಾಸ್ಟರ್. ಆಚೆಯಿಂದ ಆ ಮನೆಯಾಕೆ ಮೃದುವಾಗಿ ಕೇಳಿದ್ದರು: “ಯಾವತ್ತು ಬರ್ತೀರಿ ಅಣ್ಣಾ?”

ಯಾವತ್ತು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಉತ್ತರ ಕೊಡುವುದು ಮಾಸ್ಟರ್ ಬಾಯಿಯೇ. ಅದಕ್ಕೆ ತಲೆಯ ಅಪ್ಪಣೆ ಬೇಕಿಲ್ಲ. “ಹದಿನೆಂಟಕ್ಕೆ ಅಮ್ಮಾ. ಗ್ಯಾರಂಟಿ” ಎಂದುಬಿಟ್ಟಿದ್ದರು. ಫೋನಿಟ್ಟು, ಮನಸ್ಸಿನಲ್ಲಿ ಇಪ್ಪತ್ತೆರಡು ಎಂದುಕೊಂಡು ಮಿಷನ್ ತುಳಿಯಲು ಕೂತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳಿಲ್ಲ. ತಾನು ಏನು ಹೇಳಿದೆ ಎನ್ನುವುದು ಅವರಿಗೆ ಗೊತ್ತೇ ಆಗಿರಲಿಲ್ಲ.

ಹದಿನೆಂಟನೇ ತಾರೀಕು ಬೆಳಗ್ಗೆ ಹತ್ತೂವರೆಗೆ ಪಕ್ಕದ ಬೇಕರಿಯವರು ತಮ್ಮ ಕೋಟು ಕೇಳಲು ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಬೇಕರಿಯವರ ಸಂಘದ ಸಭೆಯಲ್ಲಿ ಅವರಿಗೆ ಸನ್ಮಾನವಿತ್ತು. ಸಭೆ ಇಪ್ಪತ್ತಕ್ಕೆ ಎಂದಿದ್ದರು, ಚೀಟಿಯ ಮೇಲಿನ ತಾರೀಕು ಹದಿನಾರು. ಮಾಸ್ಟರ್ “ಗುಂಡಿ ಒಂದೇ” ಎಂದು ಶುರು ಮಾಡುವಷ್ಟರಲ್ಲಿ ಫೋನ್ ಬಂತು.

“ಅಣ್ಣಾ, ಎಲ್ಲಿವರೆಗೆ ಬಂದ್ರಿ? ಕೋಣೆ ಎಲ್ಲ ರೆಡಿ ಮಾಡಿದೀನಿ. ನಮ್ಮೆಜಮಾನ್ರು ನಿಮ್ಮನ್ನ ಕರ್ಕೊಂಡು ಬರೋಕೆ ಅಂತ ಆಗಲೇ ಬಸ್ ಸ್ಟಾಪಿಗೆ ಹೋಗಿ ನಿಂತಿದಾರೆ.”

ಅಂದು ಹೇಳಿದ ತಾರೀಕು ಮಾಸ್ಟರ್‌ಗೆ ಈಗ ನೆನಪಾಯಿತು. ಆದರೂ ಬಾಯಿ ತನ್ನ ಕೆಲಸ ಬಿಡಲಿಲ್ಲ: “ಆಗೋಯ್ತು ಅಮ್ಮಾ, ಗುಂಡಿ ಒಂದೇ ಬಾಕಿ.”

“ಯಾವ ಗುಂಡಿ ಅಣ್ಣಾ?” ಎಂದರು ಆ ತಾಯಿ, ಪಾಪ, ಏನೂ ತಿಳಿಯದೆ.

ಮಾಸ್ಟರ್ ಕೇಳಿದರು, ಇಪ್ಪತ್ತೆರಡಕ್ಕೆ ಬಂದರೆ ಆಗುವುದಿಲ್ಲವೇ ಎಂದು. ಆಗುವುದಿಲ್ಲ. ಇಪ್ಪತ್ತರ ಮಧ್ಯಾಹ್ನದಿಂದ ತಿಂಗಳ ಕೊನೆಯವರೆಗೆ ಬೇರೆ ಸಂಸಾರ ಬರುತ್ತದೆ. ಆಮೇಲೆ ಮಳೆ. ಮಳೆ ಹಿಡಿದರೆ ಜಲಪಾತದ ದಾರಿ ನಾಲ್ಕು ತಿಂಗಳು ಮುಚ್ಚಿರುತ್ತದೆ. “ಇವತ್ತು ಸಂಜೆಯೊಳಗೆ ಬಂದ್ರೆ ಎರಡು ರಾತ್ರಿ ಇರಬಹುದು. ಬರ್ತೀರಾ ಇಲ್ವಾ ನಿಜ ಹೇಳಿ ಅಣ್ಣಾ. ವಯಸ್ಸಾದವರು, ಬಿಸಿಲಲ್ಲಿ ನಿಂತಿದಾರೆ.”

“ಐದು ನಿಮಿಷದಲ್ಲಿ ಹೇಳ್ತೀನಿ ಅಮ್ಮಾ” ಎಂದು ಫೋನಿಟ್ಟರು. ಇಂಗು ತಿಂದ ಮಂಗನ ಹಾಗೆ ನಿಂತಿದ್ದ ಅವರನ್ನು ಹೆಂಡತಿ ನೋಡಿದರು.

“ಅವರಿಗೆ ಯಾವ ತಾರೀಕು ಹೇಳಿದ್ರಿ?”

“ಹದಿನೆಂಟು” ಎಂದರು ಮಾಸ್ಟರ್. “ಬೇಕು ಅಂತ ಹೇಳಿದ್ದಲ್ಲ ಕಣೇ. ಬಾಯಿಗೆ ಬಂದ್ಬಿಡ್ತು.”

ಹೆಂಡತಿ ಬೈಯಲಿಲ್ಲ. ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟರು. “ಹೋಗ್ಲಿ ಬಿಡಿ. ಮೊದಲು ಆ ಯಜಮಾನ್ರಿಗೆ ಮನೆಗೆ ಹೋಗೋಕೆ ಹೇಳಿ. ನಾನು ಅಕ್ಕನಿಗೆ ಫೋನ್ ಮಾಡ್ತೀನಿ.”

ಮಾಡಿದ್ದುಣ್ಣೋ ಮಹರಾಯ. ಮಾಸ್ಟರ್ ಗೂಡುಗಳತ್ತ ನೋಡಿದರು: ಆರು ಅಂಗಿ, ಮೂರು ಪ್ಯಾಂಟು, ಬೇಕರಿಯವರ ಕೋಟು. ಮೇಜಿನಂಚಿನ ಸೀಮೆಸುಣ್ಣದ ಬರಹ ನೋಡಿದರು. ಹನ್ನೆರಡೂ ಮುಕ್ಕಾಲಿಗೆ ಒಂದು ಬಸ್ಸು, ಕತ್ತಲಾಗುವ ಮೊದಲು ಮುಟ್ಟಿಸುವ ಕೊನೆಯ ಬಸ್ಸು. ಎಲ್ಲೋ ಬೆಟ್ಟದ ಬುಡದಲ್ಲಿ ತನ್ನ ಮಾತು ನಂಬಿಕೊಂಡು ಮುದುಕರೊಬ್ಬರು ನಿಂತಿದ್ದಾರೆ. ಗಿರಾಕಿಗಳು ಬಾಗಿಲಲ್ಲಿ ನಿಂತದ್ದನ್ನು ಅವರು ದಿನಾ ನೋಡಿದ್ದರು, ಆದರೆ ಕಾಣದ ಜಾಗದಲ್ಲಿ ನಿಂತ ಈ ಒಬ್ಬರು ಅವರನ್ನು ಕುಟುಕಿದ ಹಾಗೆ ಯಾರೂ ಕುಟುಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕುಟುಕಿದ್ದು, ಆಗಲೇ ಫೋನಿಗೆ ಕೈಚಾಚಿದ್ದ ಹೆಂಡತಿ.

ಅವರು ಬೇಕರಿಯವರ ಕಡೆ ತಿರುಗಿದರು. “ನೋಡಿ, ನಿಮ್ಮ ಕೋಟು ಇನ್ನೂ ಕತ್ತರಿಸಿಯೇ ಇಲ್ಲ.”

ಬೇಕರಿಯವರು ಬಾಗಿಲಿನಿಂದ ಬೆನ್ನು ತೆಗೆದು ನೆಟ್ಟಗೆ ನಿಂತರು.

“ಹದಿನಾರು ಅಂದಿದ್ದು ಸುಳ್ಳು. ಗುಂಡಿ ಬಾಕಿ ಅನ್ನೋದೂ ಸುಳ್ಳು. ರಾತ್ರಿ ಕೂತು ಹೊಲಿದ್ರೆ ಇಪ್ಪತ್ತರ ಬೆಳಗ್ಗೆ ಕೊಡಬಹುದಿತ್ತು. ಆದ್ರೆ ಕೊಡಲ್ಲ. ನಾನು ಇವಳನ್ನ ಕರ್ಕೊಂಡು ಈ ಹೊತ್ತಿನ ಬಸ್ಸಿಗೆ ಹೋಗ್ತಿದೀನಿ. ನಿಮಗೆ ಸಿಟ್ಟು ಬಂದ್ರೆ ಬೈರಿ, ಬಟ್ಟೆ ವಾಪಸ್ ತಗೊಂಡು ಹೋಗಿ. ನಾಲ್ಕು ಜನರ ಮುಂದೆ ನೀವು ಹಳೇ ಕೋಟಲ್ಲಿ ನಿಲ್ಲೋ ಹಾಗೆ ಮಾಡಿದ್ದು ನನ್ನ ತಪ್ಪು.”

ಹೆಂಡತಿಯ ಕೈ ಫೋನಿನ ಮೇಲೆಯೇ ನಿಂತಿತ್ತು. ಬೇಕರಿಯವರು ಗಂಟಲು ಸರಿಮಾಡಿಕೊಂಡು ರಸ್ತೆಯ ಆಚೆ ಈಚೆ ನೋಡಿದರು.

“ಮಾಸ್ಟರೇ, ನೀವು ಇಷ್ಟು ಹೇಳಿದ ಮೇಲೆ ನಾನೂ ಒಂದು ಹೇಳಿಬಿಡ್ತೀನಿ. ಸಭೆ ಇರೋದು ಮುಂದಿನ ತಿಂಗಳು.”

“ಮುಂದಿನ ತಿಂಗಳಾ?”

“ನಿಮಗೆ ನಿಜವಾದ ತಾರೀಕು ಹೇಳಿದ್ರೆ ಸನ್ಮಾನ ಬನಿಯನ್ನಲ್ಲೇ ಆಗುತ್ತೆ ಅಂತ ನಮ್ಮನೇಲಿ ಹೇಳಿದ್ರು. ಈ ಬೀದೀಲಿ ಯಾರು ಹೇಳ್ತಾರೆ ನಿಮಗೆ ನಿಜ? ಎಲ್ಲರೂ ಒಂದಷ್ಟು ದಿನ ಮುಂಚೆಯೇ ಹೇಳೋದು.”

ಇಷ್ಟು ವರ್ಷ ಮಾಸ್ಟರ್ ತಾನೊಬ್ಬನೇ ಜಾಣ ಎಂದುಕೊಂಡಿದ್ದರು, ಅವರು ಚಾಪೆ ಕೆಳಗೆ ತೂರಿದರೆ ಬೀದಿಗೆ ಬೀದಿಯೇ ರಂಗೋಲಿ ಕೆಳಗೆ ತೂರಿತ್ತು. ಮೊದಲು ನಕ್ಕದ್ದು ಕಾಜಾ ಅಕ್ಕ, ಸ್ಟೂಲು ಅಲ್ಲಾಡುವ ಹಾಗೆ.

ಆಮೇಲೆ ನಡೆದದ್ದೆಲ್ಲ ಓಟ. ಮಾಸ್ಟರ್ ಹೋಂಸ್ಟೇಗೆ ಫೋನ್ ಮಾಡಿ, “ಸಂಜೆ ಐದಕ್ಕೆ ಅಮ್ಮಾ. ಇದು ನಿಜವಾದ ಐದು” ಎಂದು ಹೇಳಿ, ಯಜಮಾನರನ್ನು ನೆರಳಿಗೆ ಕರೆಸಿಕೊಳ್ಳಲು ಕೇಳಿಕೊಂಡರು. ಹೆಂಡತಿ ಒಂದು ಚೀಲಕ್ಕೆ ಕೈಗೆ ಸಿಕ್ಕ ಬಟ್ಟೆ ತುಂಬಿದರು. ಬೇಕರಿಯವರು ಒಂದು ಪೊಟ್ಟಣ ಬನ್ ತಂದುಕೊಟ್ಟು, ಅಂಗಡಿಯ ಬಾಗಿಲು ಹಾಕಲು ತಾವೂ ಕೈಜೋಡಿಸಿದರು. “ಇಪ್ಪತ್ತೊಂದಕ್ಕೆ ಅಂಗಡಿ ತೆರೆಯುತ್ತದೆ” ಎಂದು ಮಾಸ್ಟರ್ ಬರೆದು ಅಂಟಿಸಿದರು. ಬೇಕರಿಯವರು ಅದನ್ನು ಓದಿ ಏನೋ ಹೇಳಹೊರಟು, ಪುಣ್ಯಕ್ಕೆ ಸುಮ್ಮನಾದರು.

ಬಸ್ಸು ಊರು ದಾಟಿದ ಮೇಲೆ ನೋಡಿದರೆ ಜೊತೆಗೆ ತಂದ ನೀಲಿ ಕೋಟಿಗೆ ಒಂದು ತೋಳಿತ್ತು, ಇನ್ನೊಂದಿರಲಿಲ್ಲ. ಎರಡನೆಯ ತೋಳನ್ನು ಮಾಸ್ಟರ್ ತೊಡೆಯ ಮೇಲಿಟ್ಟುಕೊಂಡು ಕೈಹೊಲಿಗೆ ಹಾಕತೊಡಗಿದರು. ಹೆಂಡತಿ ಮುಂಭಾಗಕ್ಕೆ ಗುಂಡಿ ಹಚ್ಚುತ್ತಿದ್ದರು. ಒಂದೇ ಕೋಟಿನ ಎರಡು ತುದಿ ಹಿಡಿದು ಹೊಲಿಯುತ್ತಿದ್ದ ಗಂಡ ಹೆಂಡಿರನ್ನು ಟಿಕೆಟ್ ಕೊಡಲು ಬಂದ ಕಂಡಕ್ಟರ್ ಸ್ವಲ್ಪ ಹೊತ್ತು ನಿಂತು ನೋಡಿದ. ಕಿಟಕಿಯಾಚೆ ಮನೆಗಳು ಕಡಿಮೆಯಾಗಿ ಮರಗಳು ಹೆಚ್ಚಾಗುತ್ತಿದ್ದವು.

“ರೀ, ನನಗೆ ಯಾವ ತಾರೀಕು ಹೇಳಿದ್ರಿ?” ಎಂದರು ಹೆಂಡತಿ ಇದ್ದಕ್ಕಿದ್ದಂತೆ.

“ಇಪ್ಪತ್ತೆರಡು.”

“ನಾನು ಇಪ್ಪತ್ತಾರು ಅಂದ್ಕೊಂಡಿದ್ದೆ. ಅದನ್ನೂ ನಂಬಿರಲಿಲ್ಲ.” ಅವರು ಹೊಲಿಗೆ ನಿಲ್ಲಿಸಿ ಕಿಟಕಿಯಾಚೆ ನೋಡಿದರು. “ಇವತ್ತು ಹದಿನೆಂಟು. ಮೂವತ್ತು ವರ್ಷದಲ್ಲಿ ಮೊದಲ ಸಲ ಹೇಳಿದ್ದಕ್ಕಿಂತ ಮುಂಚೆ ಕೊಟ್ಟಿದೀರಿ.”

ತಡವಾದದ್ದಕ್ಕೆ ಹೇಳಲು ಮಾಸ್ಟರ್ ಬಳಿ ನೂರು ನೆಪಗಳಿದ್ದವು. ಬೇಗ ಆದದ್ದಕ್ಕೆ ಹೇಳಲು ಒಂದೂ ಇರಲಿಲ್ಲ. ಕೊನೆಗೆ ನಿಜವನ್ನೇ ಹೇಳಿದರು: “ಅದು ತಪ್ಪಿ ಆಗಿದ್ದು ಕಣೇ.”

“ಗೊತ್ತು. ಹೊರಟಿದ್ದು ತಪ್ಪಿ ಅಲ್ಲವಲ್ಲ.”

ಮಾಸ್ಟರ್ ಮತ್ತೆ ತೋಳಿನ ಮೇಲೆ ಬಗ್ಗಿದರು. ತೋಳಿಗೆ ಹೊಸ ದಾರ ಬೇಕಾಗಿತ್ತು. ಎರಡು ಸಲ, ಮೂರು ಸಲ ಪೋಣಿಸಲು ನೋಡಿದರು, ಸೂಜಿಯ ಕಣ್ಣು ಕಾಣಲಿಲ್ಲ. ಬಸ್ಸು ಕುಲುಕುತ್ತದೆ ಎಂದು ಗೊಣಗಿ, ಸೂಜಿಯನ್ನೂ ದಾರವನ್ನೂ ಹೆಂಡತಿಯ ಕೈಗೆ ಕೊಟ್ಟರು.