ಮಗ್ಗದ ಕಂಬಕ್ಕೆ ಕಟ್ಟಿದ ಫೋನ್

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಚಳ್ಳಕೆರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ತಡವಾದ ಮಕ್ಕಳಿಗೆ ತರಬೇತಿ ಕೊಡುವ ಕೆಲಸ. ವಾರಕ್ಕೊಮ್ಮೆ ಮೊಳಕಾಲ್ಮೂರಿಗೂ ಹೋಗುತ್ತಿದ್ದೆ. ಅಲ್ಲಿ ರೇಷ್ಮೆ ಸೀರೆ ನೇಯುವ ಲಕ್ಷ್ಮೀದೇವಿ ತನ್ನ ಮೂರೂವರೆ ವರ್ಷದ ಮಗಳು ಪಲ್ಲವಿಯನ್ನು ಕರೆತಂದಳು. ಹುಡುಗಿ ಫೋನಿನ ಹಾಡುಗಳನ್ನು ಗುನುಗುತ್ತಿದ್ದಳು, ಆದರೆ ಯಾರನ್ನೂ ಕರೆಯುತ್ತಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆ, ಸರಿಯಿತ್ತು.

“ಒಂದ್ ಸಲನೂ ಅವ್ವ ಅಂದಿಲ್ಲ ಮೇಡಂ. ಮೂಗಿ ಅಂತಾರೆ ಓಣಿಯೋರೆಲ್ಲ,” ಎಂದು ಲಕ್ಷ್ಮೀದೇವಿ ಅತ್ತೇಬಿಟ್ಟಳು.

ಫೋನ್ ನಿಲ್ಲಿಸಿ, ಆಟದ ಸಾಮಾನು ಕೊಡಿ ಎಂದು ಹೇಳಿ ಕಳಿಸಿದೆ. ಮುಂದಿನ ವಾರವೂ ಮಗುವಿನ ಕೈಯಲ್ಲಿ ಫೋನ್! ನನಗೆ ರೇಗಿತು. ಅವರ ಜೊತೆಯಲ್ಲೇ ಮನೆಗೆ ಹೋದೆ.

ಮಗ್ಗದ ಕಂಬಕ್ಕೆ, ಮಗುವಿನ ಕಣ್ಣಿನ ಎತ್ತರಕ್ಕೆ, ಫೋನ್ ಕಟ್ಟುವ ದಾರ ನೇತಾಡುತ್ತಿತ್ತು. ಮಗ್ಗದ ಸದ್ದಿನಲ್ಲೂ ಕೇಳಲೆಂದು ವಾಲ್ಯೂಮ್ ಪೂರ್ತಿ ಏರಿಸುತ್ತಿದ್ದರಂತೆ.

“ಆಟದ ಸಾಮಾನು ಬಿಸಾಕಿ ಎಳೆಗೇ ಕೈ ಹಾಕ್ತಾಳೆ. ಒಂದು ಎಳೆ ಕಿತ್ರೆ ಸೀರೆ ಕೆಡ್ತೈತೆ. ನಾನೇನ್ ಮಾಡ್ಲಿ ಹೇಳಿ?”

ನನ್ನ ಕೋಪ ಇಳಿಯಿತು. ಗೋಡೆ ಬದಿಯಲ್ಲಿ ಅವಳ ಅತ್ತೆ ರಾಟೆ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆ. ಅದು ಖಾಲಿಯಾದಾಗಲೆಲ್ಲ ಲಕ್ಷ್ಮೀದೇವಿ ತಲೆ ಎತ್ತದೆ ಹಿಂದಕ್ಕೆ ಕೈ ಚಾಚುತ್ತಿದ್ದಳು, ಅತ್ತೆ ಎದ್ದು ಬಂದು ತುಂಬಿದ್ದನ್ನು ಕೊಡುತ್ತಿದ್ದರು.

“ಈ ಓಡಾಟ ಮಗಳಿಗೆ ಕೊಡಮ್ಮ,” ಎಂದೆ. “ಖಾಲಿಯದನ್ನ ಅಜ್ಜಿಗೆ ಒಯ್ಯಲಿ, ತುಂಬಿದ್ದು ನಿನಗೆ ತರಲಿ. ಪ್ರತಿ ಸಲವೂ ಕೈ ನಿಲ್ಲಿಸಿ, ಅವಳ ಮುಖ ನೋಡಿ ‘ತಗಾ’ ಅನ್ನು.”

“ಅದರ ಕೈಯಾಗೆ ರೇಷ್ಮೆ ಕೊಡ್ತಾರೇನ್ರಿ?” ಅತ್ತೆ ಗೊಣಗಿದರು. ಆದರೂ ಮಗುವಿನ ಕೈ ತೊಳೆದು, ಒರೆಸಿ, ಅವರೇ ಮೊದಲ ಕಂಡಿಕೆ ಕೊಟ್ಟರು. ಗುಂಡಿಮಗ್ಗದಲ್ಲಿ ನೆಲದ ಗುಂಡಿಗೆ ಕಾಲಿಳಿಸಿ ಕೂತ ತಾಯಿಯ ಮುಖ ಮಗುವಿನ ಮುಖಕ್ಕೆ ಸಮನಾಗಿತ್ತು, ಅದೂ ಒಳ್ಳೆಯದೇ ಆಯಿತು. ಮೊದಮೊದಲು ಪಲ್ಲವಿ ಫೋನಿಗಾಗಿ ರಂಪ ಮಾಡಿದಳಂತೆ. ಬರಬರುತ್ತ ಖಾಲಿ ಕಂಡಿಕೆಗಾಗಿ ಮಗ್ಗದ ಪಕ್ಕ ಕಾಯತೊಡಗಿದಳು.

ಕೆಲವು ತಿಂಗಳ ನಂತರ ಮತ್ತೆ ಹೋದೆ. ಅವಸರದ ಸೀರೆ, ಲಕ್ಷ್ಮೀದೇವಿ ಮಗ್ಗದಿಂದ ನೋಟ ತೆಗೆಯದೆ ಕೈ ಚಾಚಿದಳು. ಪಲ್ಲವಿ ಕಂಡಿಕೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಸುಮ್ಮನೆ ನಿಂತಳು. ತಾಯಿ ಗಾಬರಿಯಾಗಿ ತಿರುಗಿದಳು. ಇಬ್ಬರ ಕಣ್ಣೂ ಕೂಡಿದ ಮೇಲೆ ಹುಡುಗಿ ಕೈ ಮುಂದೆ ಮಾಡಿ, “ತಗಾ ಅವ್ವ” ಎಂದಳು.

ಮಗ್ಗ ನಿಂತೇ ಇತ್ತು. ಅತ್ತೆ, ಸೊಸೆ, ನಾನು, ಮೂವರೂ ಅತ್ತೆವು.

ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆಂದು ಹೇಳಲಾರೆ. ಆದರೆ ಈಗ ಫೋನ್ ಬಿಡಿಸಿ ಎನ್ನುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳುತ್ತೇನೆ: ಕೆಲಸದ ನಡುವೆ ಈ ಮಗುವಿನ ಮುಖ ನೋಡುವವರು ಯಾರು?