ಬೋಂಡನ ಸೂಜಿ ಡಾಕ್ಟರಮ್ಮ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರ ಎಡಮಂಡಿಯಲ್ಲಿ ಎರಡು ಸೂಜಿಗಳು ನೆಟ್ಟಗೆ ನಿಂತಿದ್ದವು. ಕಾರು ನಿಲ್ಲಿಸುವ ಶೆಡ್ಡಿನ ನೆಲಕ್ಕೆ ಚಾಪೆ ಹಾಸಿ, ಹತ್ತಿ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಆ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಕೂತಿದ್ದರು. ಎರಡು ಅಂಗೈಗಳ ನಡುವೆ ಬಿಸಿನೀರಿನ ಸ್ಟೀಲ್ ಲೋಟ. ಕುಡಿಯುವುದಕ್ಕಲ್ಲ, ಕೈ ಬೆಚ್ಚಗಾಗಲಿ ಅಂತ. ತಣ್ಣನೆಯ ಕೈಯಲ್ಲಿ ಅವರು ಯಾವ ನಾಯಿಯನ್ನೂ ಮುಟ್ಟುತ್ತಿರಲಿಲ್ಲ. ನಾನು ಹಳೇ ಬೆಡ್‌ಶೀಟಿನಲ್ಲಿ ನನ್ನ ನಾಯಿಯನ್ನು ಸುತ್ತಿ ಎತ್ತಿಕೊಂಡು, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದೆ. ಅವರು ನಾಯಿಯ ಕಡೆ ನೋಡಲೇ ಇಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮೊದ್ಲು ನೀವು ಕೂತ್ಕೊಳಿ. ನೀವು ಕೂತ್ರೆ ಅದೂ ಮಲಗುತ್ತೆ," ಅಂದರು.

ಕೂರುವುದೇ ನನಗೆ ಬಾರದ ಕೆಲಸ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ನಾನು. ತಿಂಡಿಯನ್ನು ನಿಂತೇ ತಿನ್ನುತ್ತೇನೆ. ಫೋನ್ ಬಂದರೆ ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆಯುತ್ತಲೇ ಮಾತಾಡುತ್ತೇನೆ. ಕುಕ್ಕರ್ ಪೂರ್ತಿ ಸೀಟಿ ಹಾಕುವ ಮೊದಲೇ ಸ್ಟವ್ ಆರಿಸುತ್ತೇನೆ. ಸೊಸೆ ಮಾಡಿದ ಸಾರಿನಲ್ಲಿ ಬೇಳೆ ಲೆಕ್ಕ ಹಾಕಬಹುದು ಅಂತ ನಮ್ಮತ್ತೆ ಬಂದವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಾರೆ.

ಇಂಥವಳಿಗೆ ಸರಿಯಾಗಿ ಸಿಕ್ಕಿದ್ದ ನಾಯಿ ಬೋಂಡ. ಕುರುಬರಹಳ್ಳಿಯ ನಮ್ಮ ರಸ್ತೆಯಲ್ಲಿ ಬಜ್ಜಿ ಬೋಂಡ ಗಾಡಿಯ ಕೆಳಗೆ ನಡುಗುತ್ತಾ ಕೂತಿದ್ದ ಗುಂಡಗಿನ ಕಂದು ಮರಿ. ಹದಿಮೂರು ವರ್ಷ ನನ್ನ ಹಿಂದೆಯೇ ಓಡಾಡಿ ಮುದುಕನಾದ. ಒಂದು ಬೆಳಿಗ್ಗೆ ನಾನು ಹಾಲು ತರಲು ಹೊರಟೆ. ಅವನು ಎಂದಿನಂತೆ ಮುಂಗಾಲೂರಿ ಎದ್ದ, ಹಿಂಗಾಲು ಏಳಲಿಲ್ಲ. ಮತ್ತೊಮ್ಮೆ ಊರಿದ, ಏಳಲಿಲ್ಲ. ಆಮೇಲೆ, ಏನೋ ತಪ್ಪು ಮಾಡಿದವನ ಹಾಗೆ ನನ್ನ ಮುಖ ನೋಡಿದ.

ನಮ್ಮ ಬೀದಿಯ ಕೊನೆಯ ಕ್ಲಿನಿಕ್ಕಿನ ಯುವ ವೈದ್ಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಬೆನ್ನುಮೂಳೆ ಸವೆದಿದೆ ಆಂಟಿ. ನೋವಿನ ಮಾತ್ರೆ ಇನ್ನೂ ಜಾಸ್ತಿ ಮಾಡಿದ್ರೆ ಕಿಡ್ನಿ ತಡೆಯಲ್ಲ. ತುಂಬಾ ನರಳೋ ಹಾಗಾದ್ರೆ ಒಂದು ಇಂಜೆಕ್ಷನ್..." ಅಂತ ಶುರು ಮಾಡಿದ. "ಬಾಯಿ ಮುಚ್ಚಪ್ಪ ನೀನು," ಅಂದೆ. ಪಾಪ, ಒಳ್ಳೆಯ ಹುಡುಗ. ಬೇಜಾರು ಮಾಡಿಕೊಳ್ಳದೆ, ಬಸವೇಶ್ವರನಗರದಲ್ಲಿ ಒಬ್ಬ ನಿವೃತ್ತ ಪಶುವೈದ್ಯೆ ಇದ್ದಾರೆ, ನಾಯಿಗಳಿಗೆ ಅಕ್ಯುಪಂಕ್ಚರ್ ಮಾಡಿ ಚೀನೀ ಗಿಡಮೂಲಿಕೆಯ ಪುಡಿ ಕೊಡುತ್ತಾರೆ, ಒಮ್ಮೆ ತೋರಿಸಿ ಅಂತ ಹೇಳಿ ಕಳಿಸಿದ.

ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ಚೀನಾ ಮಾಲು ಕಣೇ, ಗ್ಯಾರಂಟಿ ಇರಲ್ಲ," ಅಂದರು.

"ನಿಮಗೂ ಗ್ಯಾರಂಟಿ ಇರ್ಲಿಲ್ಲ, ಇಟ್ಕೊಂಡಿಲ್ವಾ ನಾನು?" ಅಂದು ಆಟೋ ಹಿಡಿದೆ.

ಆ ಮೊದಲ ದಿನ ಡಾಕ್ಟರಮ್ಮ ತಮ್ಮ ಮಂಡಿಯ ಸೂಜಿಗಳನ್ನು ಕಿತ್ತು ಪಕ್ಕಕ್ಕಿಟ್ಟು, ಕೈ ತೊಳೆದು, ಮತ್ತೆ ಲೋಟ ಹಿಡಿದು ಕೈ ಬಿಸಿ ಮಾಡಿಕೊಂಡು, ಬೋಂಡನ ನಾಲಗೆಯ ಬಣ್ಣ ನೋಡಿದರು. ಹಿಂಗಾಲಿನ ಒಳತೊಡೆಗೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿ ನಾಡಿ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ನಾನು ಶೆಡ್ಡಿನ ಗೋಡೆಯ ಕ್ಯಾಲೆಂಡರ್ ಸರಿ ಮಾಡಿ, ಮೂಲೆಯಲ್ಲಿದ್ದ ಚಪ್ಪಲಿಗಳನ್ನು ಜೋಡಿಸಿ, ಫೋನ್ ತೆಗೆದು ಮೆಸೇಜ್ ನೋಡತೊಡಗಿದ್ದೆ. ಅವರು ಕಣ್ಣು ತೆರೆಯದೆಯೇ ಬಾಗಿಲ ಪಕ್ಕದ ಹಳೇ ರವೆ ಡಬ್ಬದ ಕಡೆ ಕೈ ತೋರಿಸಿದರು. ಬಂದವರೆಲ್ಲ ಫೋನನ್ನು ಅದರೊಳಗೆ ಹಾಕಿ ಮುಚ್ಚಳ ಮುಚ್ಚಬೇಕು, ಅದು ಅಲ್ಲಿಯ ಕಾನೂನು.

"ಓಡ್ತಾನಾ ಡಾಕ್ಟ್ರಮ್ಮ?" ಅಂತ ಕೇಳಿದೆ.

"ಓಡಿಸ್ತೀನಿ ಅಂತ ನಾನು ಹೇಳಲ್ಲ. ಸವೆದಿರೋ ಮೂಳೆ ಹೊಸದಾಗಲ್ಲ. ನೋವು ಸ್ವಲ್ಪ ಇಳಿದ್ರೆ ಎದ್ದು ನಿಂತಾನು, ನಾಲ್ಕು ಹೆಜ್ಜೆ ಇಟ್ಟಾನು. ಎಲ್ಲಾ ನಾಯಿಗೂ ಹಿಡಿಸಲ್ಲ ಇದು. ಇಷ್ಟಕ್ಕೆ ಒಪ್ಪೋದಾದ್ರೆ ಇರಿ." ಆಮೇಲೆ ಸೂಜಿಯ ಪೊಟ್ಟಣ ಬಿಚ್ಚುತ್ತಾ ಸೇರಿಸಿದರು, "ಇನ್ನೊಂದು. ಒಂದು ದಿನ ನಾನು ಸಾಕು ಅಂತೀನಿ. ಆ ದಿನ ನೀವು ವಾದ ಮಾಡೋ ಹಾಗಿಲ್ಲ."

ಆಗಲಿ ಅಂದೆ. ಆ ದಿನ ಬಂದಾಗ ಜಗಳ ಮಾಡಿದರಾಯಿತು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಸೂಜಿ ಅಂದರೆ ಕೂದಲೆಳೆಯಷ್ಟು ಸಣ್ಣದು. ಸೊಂಟದ ಸುತ್ತ, ಬೆನ್ನಿನ ಎರಡೂ ಕಡೆ, ಹಿಂಗಾಲಿನ ಬೆರಳುಗಳ ಹತ್ತಿರ ಒಂದೊಂದಾಗಿ ಚುಚ್ಚುತ್ತಿದ್ದರು. ಬೋಂಡ ಒಮ್ಮೆ ಕಿವಿ ಆಡಿಸಿ ಸುಮ್ಮನಾದ. ಕಷ್ಟವಾದದ್ದು ನನಗೆ. ಸೂಜಿ ಇರುವಷ್ಟು ಹೊತ್ತೂ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಾಡದೆ ಕೂರಬೇಕಿತ್ತು. ಅವರ ಪದ್ಧತಿಯೇ ಹಾಗೆ, ಕೆಲಸದ ಹುಡುಗರನ್ನೋ ಡ್ರೈವರನ್ನೋ ಕಳಿಸಿದರೆ ವಾಪಸ್ ಕಳಿಸಿಬಿಡುತ್ತಿದ್ದರು. ನನಗೆ ಕಾಲು ಜೋಮು ಹಿಡಿಯಿತು, ಮೂಗು ಕೆರೆಯಿತು, ಮನೆಯಲ್ಲಿ ಗೀಸರ್ ಆರಿಸಿದ್ದೆನೋ ಇಲ್ಲವೋ ಅನ್ನುವ ಅನುಮಾನ ಹತ್ತಿತು. ಸ್ವಲ್ಪ ಕೊಸರಾಡಿದೆ ನೋಡಿ, ಬೋಂಡ ತಲೆ ಎತ್ತಿದ, ಬೆನ್ನಿನ ಮೇಲಿದ್ದ ಎರಡು ಸೂಜಿ ಚಾಪೆಗೆ ಬಿದ್ದವು.

"ನಾಯಿ ಸುಮ್ನೇ ಇದೆ. ಒದ್ದಾಡ್ತಿರೋದು ನೀವು," ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೂ ಮುಂದಿನ ವಾರ ಹೋದೆ, ಅದರ ಮುಂದಿನ ವಾರವೂ ಹೋದೆ.

ಹೋದಾಗಲೆಲ್ಲ ಸೂಜಿ ಹಾಕುವ ಮೊದಲು ನನ್ನ ಬೆರಳುಗಳನ್ನು ಹಿಡಿದು ಬೋಂಡನ ಒಳತೊಡೆಗೆ ಒತ್ತಿ, "ಏನು ಗೊತ್ತಾಗ್ತಿದೆ?" ಅಂತ ಕೇಳುತ್ತಿದ್ದರು.

"ಏನೂ ಗೊತ್ತಾಗ್ತಿಲ್ಲ."

"ಇರ್ಲಿ. ಮುಂದಿನ ವಾರ ನೋಡೋಣ."

ಅವರೇನು ಚೀನಾಕ್ಕೆ ಹೋಗಿ ಕಲಿತವರಲ್ಲ. ಸರ್ಕಾರಿ ಕೆಲಸದಲ್ಲಿದ್ದಾಗ ಹಳ್ಳಿಹಳ್ಳಿ ಸುತ್ತಿ ದನಗಳ ಹೆರಿಗೆ ಮಾಡಿಸಿದವರು, ಕೈಯೆಲ್ಲ ಎಮ್ಮೆ ತುಳಿದ ಗುರುತು. ನಿವೃತ್ತಿಗೆ ಸ್ವಲ್ಪ ಮೊದಲು ತಮ್ಮದೇ ಮಂಡಿನೋವಿಗೆ ಯಾರೋ ಸೂಜಿ ಹಾಕಿ ಆರಾಮವಾದ ಮೇಲೆ ಆಸೆ ಹುಟ್ಟಿ ತರಬೇತಿಗೆ ಸೇರಿದರಂತೆ. "ದನಕ್ಕೆ ಬಾಯಿ ಇಲ್ಲ, ಅದಕ್ಕೆ ಕೈಯಲ್ಲಿ ಕೇಳಿಸ್ಕೋಬೇಕು," ಅನ್ನುತ್ತಿದ್ದರು. ಮದುವೆ ಆಗಿರಲಿಲ್ಲ. ಮೇಲಿನ ಮಹಡಿಯಲ್ಲಿ ತಂಗಿಯ ಸಂಸಾರ, ಕೆಳಗೆ ಇವರು. ಕಾಫಿಗೆ ಸಕ್ಕರೆ ಬೇಡ ಅನ್ನುತ್ತಲೇ ಒಂದರ ಮೇಲೊಂದು ಕೊಬ್ಬರಿ ಬಿಸ್ಕತ್ತು ತಿನ್ನುತ್ತಿದ್ದರು, ಅರ್ಧ ಮುರಿದು ನಾಯಿಗೂ ಹಾಕುತ್ತಿದ್ದರು.

ಪುಡಿಯ ಕತೆ ಹೇಳಬೇಕು. ಕಂದುಬಣ್ಣ, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯನ್ನು ತೆಗೆದಂಥ ವಾಸನೆ. ಹಾಗೇ ಕೊಟ್ಟರೆ ಬೋಂಡ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದ. ಮೊಸರನ್ನದಲ್ಲಿ ಕಲಸಿದರೆ ಮೊಸರನ್ನ ತಿಂದು, ಪುಡಿಯನ್ನು ಮಾತ್ರ ತಟ್ಟೆಯಲ್ಲಿ ಉಳಿಸುವ ವಿದ್ಯೆ ಅವನಿಗೆ ಹೇಗೆ ಬಂತೋ ದೇವರಿಗೇ ಗೊತ್ತು. ಕೊನೆಗೆ ಅದನ್ನು ಕೊಡುವ ಕೆಲಸ ಅತ್ತೆ ವಹಿಸಿಕೊಂಡರು. ಹಿಚುಕಿದ ಬಾಳೆಹಣ್ಣಿನಲ್ಲಿ ಉಂಡೆ ಕಟ್ಟಿ ಬಾಯಿಗಿಡುತ್ತಿದ್ದರು, ನುಂಗುತ್ತಿದ್ದ.

ಒಂದು ವಾರ ನಾನು ಪುಡಿ ಮುಗಿಯಿತು ಅಂತ ಡಬ್ಬಿ ಮುಂದಿಟ್ಟೆ. ಡಾಕ್ಟರಮ್ಮ ಅದನ್ನು ತಲೆಕೆಳಗು ಮಾಡಿ ನೋಡಿದರು. ಮುಖ ಬಿಗಿಯಿತು.

"ಇಷ್ಟು ಬೇಗ ಮುಗಿಯೋ ಹಾಗಿಲ್ಲವಲ್ಲ ಇದು. ಬೇಗ ವಾಸಿಯಾಗ್ಲಿ ಅಂತ ಜಾಸ್ತಿ ಜಾಸ್ತಿ ಹಾಕ್ತಿದೀರಾ? ನಿಮ್ಮ ಆತುರಕ್ಕೆ ಈ ನಾಯಿನ ಕೊಂದ್ಬಿಡ್ತೀರ ನೀವು!"

ನನಗೆ ಮೈಯೆಲ್ಲ ಉರಿದುಹೋಯಿತು. ಬೇರೆ ಏನಾದರೂ ಅನ್ನಲಿ, ಬೋಂಡನನ್ನು ಕೊಲ್ಲುವವಳು ಅನ್ನುವುದೆ? ಹಾಗೇ ಎದ್ದು ಬಂದೆ. ಆಟೋದಲ್ಲಿ ಹಾವನೂರು ಸರ್ಕಲ್ಲಿನ ಸಿಗ್ನಲ್ ದಾಟುವವರೆಗೂ ಒಬ್ಬಳೇ ಬೈದುಕೊಂಡೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಸಮಾಧಾನ ಮಾಡ್ಕೊಳಿ ಮೇಡಂ, ನಾಯಿ ಹೆದರ್ಕೊಂಡಿದೆ," ಅಂದ.

ಮನೆಗೆ ಬಂದು ಅಡುಗೆಮನೆಗೆ ನುಗ್ಗಿದರೆ ಅತ್ತೆ ಕಟ್ಟೆಗೆ ಒರಗಿಕೊಂಡು ಬಿಸಿಹಾಲು ಆರಿಸಿಕೊಳ್ಳುತ್ತಿದ್ದರು. ಹಾಲಿನಿಂದ ಆ ಹಳೇ ಪೆಟ್ಟಿಗೆಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಪುಟ್ಟ ಸ್ಟೀಲ್ ಡಬ್ಬಿ, ಅದರಲ್ಲಿ ಬೋಂಡನ ಪುಡಿ.

"ಏನತ್ತೆ ಇದು!"

"ಯಾಕೆ ಕೂಗ್ತೀಯೇ? ಅವನ್ದೂ ಮಂಡಿ, ನನ್ದೂ ಮಂಡಿ. ನೀನೇ ಹೇಳ್ಲಿಲ್ವಾ, ಆ ಡಾಕ್ಟ್ರಮ್ಮ ನಾಯಿಗೆ ಹಾಕೋ ಸೂಜಿನ ತನ್ನ ಕಾಲಿಗೂ ಹಾಕ್ಕೋತಾಳೆ ಅಂತ? ಸೂಜಿ ಆಗತ್ತೆ, ಪುಡಿ ಆಗಲ್ವಾ?"

ಬೋಂಡನಿಗೆ ಎಷ್ಟು ಹೋಗುತ್ತಿತ್ತೋ ಅಷ್ಟನ್ನೇ ಇವರೂ ಕುಡಿಯುತ್ತಿದ್ದರು. ಬಿಪಿ ಮಾತ್ರೆಯ ಮೇಲೆ! ಡಬ್ಬಿಯನ್ನು ಕಿತ್ತುಕೊಂಡೆ. ಮಾರನೆಯ ದಿನ ಅತ್ತೆಯನ್ನೂ ಬೋಂಡನನ್ನೂ ಒಂದೇ ಆಟೋದಲ್ಲಿ ಹಾಕಿಕೊಂಡು ಹೋದೆ. ಡಾಕ್ಟರಮ್ಮ ಎಲ್ಲ ಕೇಳಿ, ಮೊದಲು ಹಣೆ ಹಣೆ ಚಚ್ಚಿಕೊಂಡರು. "ಅಲ್ಲಮ್ಮಾ, ನಾನು ಪಶುವೈದ್ಯೆ. ನಿಮಗೇನಾದ್ರೂ ಆಗಿದ್ರೆ ನನ್ನ ಒಳಗೆ ಹಾಕ್ತಿದ್ರು. ಇವತ್ತೇ ನಿಮ್ಮ ಡಾಕ್ಟ್ರ ಹತ್ರ ಹೋಗಿ, ಏನೇನು ಕುಡಿದ್ರಿ ಎಲ್ಲಾ ಹೇಳಿ." ಅತ್ತೆ ಜಗ್ಗಲಿಲ್ಲ. "ಆದ್ರೂ ಡಾಕ್ಟ್ರಮ್ಮ, ಮೆಟ್ಲು ಹತ್ತೋದು ಒಂಚೂರು ಸಲೀಸಾಗಿದೆ," ಅಂದರು. ಆಗ ಡಾಕ್ಟರಮ್ಮ ನಕ್ಕ ನಗು! ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡು, ನನ್ನ ಕಡೆ ತಿರುಗಿ, "ತಪ್ಪು ನನ್ದು ಕಣಮ್ಮ, ಸುಮ್ಸುಮ್ನೆ ಅಂದ್ಬಿಟ್ಟೆ," ಅಂದರು. ಅವತ್ತಿನಿಂದ ಜನರೆದುರು ತಮ್ಮ ಮಂಡಿಗೆ ಸೂಜಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು.

ಬೋಂಡ ಎದ್ದು ನಿಂತ. ಮೊದಲು ಗೋಡೆಗೆ ಒರಗಿ ನಿಂತ, ಆಮೇಲೆ ಗೋಡೆ ಬಿಟ್ಟ. ಒಂದು ಸಂಜೆ ಬೀದಿ ತುದಿಯ ಬೇಕರಿಯವರೆಗೆ ಓಲಾಡುತ್ತಾ ನಡೆದುಹೋಗಿ ರಸ್ಕಿಗೆ ಬೊಗಳಿದಾಗ ನಾನು ಬೇಕರಿಯವನ ಮುಂದೆಯೇ ಅತ್ತುಬಿಟ್ಟೆ. ಸೂಜಿಯಿಂದಲೋ, ಪುಡಿಯಿಂದಲೋ, ವಾರವಾರವೂ ಅಷ್ಟು ಹೊತ್ತು ನಾನು ಅವನ ತಲೆ ಸವರುತ್ತಾ ಕೂತದ್ದರಿಂದಲೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಿದರೆ, "ನಡೀತಿದಾನಲ್ಲ, ನಡೀಲಿ ಬಿಡಿ," ಅಂದರು.

ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಮತ್ತೆ ಸೊರಗಿದ. ರಸ್ಕ್ ಬೇಡವಾಯಿತು, ಹಿಂಗಾಲು ಎಳೆಯತೊಡಗಿದ. ಈ ವಾರ ಹೋದರೆ ಡಾಕ್ಟರಮ್ಮ ಸಾಕು ಅಂದುಬಿಡುತ್ತಾರೇನೋ ಅಂತ ಹೆದರಿದ್ದೆ. ಹೇಗೆ ವಾದ ಮಾಡಬೇಕು, ಏನೇನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ. ಶೆಡ್ಡಿನ ಷಟರ್ ಎಳೆದಿತ್ತು. ಮೇಲಿನಿಂದ ಅವರ ತಂಗಿ ಇಳಿದು ಬಂದರು. "ಅಕ್ಕ ಹೋಗ್ಬಿಟ್ಳಮ್ಮ. ಮೊನ್ನೆ ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ಳು, ಹಾಗೇ..." ಅಂದರು.

ನನಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಸಾಕು ಅಂತ ಹೇಳುತ್ತೇನೆ ಅಂದವರು ಹೇಳದೆ ಹೋಗುವುದೆ? ಇನ್ನು ನನಗೆ ಹೇಳುವವರು ಯಾರು? ಆ ವಾರವೆಲ್ಲ ಹುಚ್ಚಿಯ ಹಾಗೆ ತಿರುಗಿದೆ. ಕೆಂಗೇರಿ ಉಪನಗರದಲ್ಲಿ ಯಾರೋ ಸೂಜಿ ಹಾಕುತ್ತಾರಂತೆ ಅಂತ ಕೇಳಿ ಬಿಸಿಲಲ್ಲಿ ಹೋಗಿ ಬಂದೆ, ಅವರು ನಾಯಿಗೆ ಹಾಕುವವರಲ್ಲ. ಸಿಕ್ಕಸಿಕ್ಕವರಿಗೆ ಫೋನ್ ಮಾಡಿದೆ. "ಒಂದು ಕಡೆ ಕೂರೇ, ಅವನು ನಿನ್ನನ್ನೇ ನೋಡ್ತಿದಾನೆ," ಅಂದರು ನಮ್ಮನೆಯವರು. ತಿರುಗಿ ನೋಡಿದೆ. ನಾನು ಬಾಲ್ಕನಿಗೂ ಅಡುಗೆಮನೆಗೂ ಓಡಾಡುವಾಗೆಲ್ಲ ಬೋಂಡ ಮಲಗಿದಲ್ಲಿಂದಲೇ ನನ್ನ ಹಿಂದೆ ಬರಲು ಮುಂಗಾಲು ಊರುತ್ತಿದ್ದ. ನಾನು ಹೋದಷ್ಟು ಸಲವೂ ಊರುತ್ತಿದ್ದ.

ಫೋನನ್ನು ಅತ್ತೆಯ ಕೈಗೆ ಕೊಟ್ಟು ನೆಲದ ಮೇಲೆ ಕೂತೆ. ಲೋಟದಲ್ಲಿ ಬಿಸಿನೀರು ತರಿಸಿ ಕೈ ಬೆಚ್ಚಗೆ ಮಾಡಿಕೊಂಡೆ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳತೊಡೆಗೆ ಮೂರು ಬೆರಳಿಟ್ಟೆ. ಬಹಳ ಹೊತ್ತು ಏನೂ ತಿಳಿಯಲಿಲ್ಲ. ಕಾಲು ಜೋಮು ಹಿಡಿಯಿತು, ಏಳಲಿಲ್ಲ. ಆಮೇಲೆ ಸಿಕ್ಕಿತು. ದಾರದಷ್ಟು ಸಣ್ಣದಾಗಿ ಓಡಿ, ತಡೆದು, ಮತ್ತೆ ಓಡುತ್ತಿತ್ತು. ದಣಿದುಹೋಗಿತ್ತು. ಬೋಂಡ ನನ್ನ ಕೈ ನೆಕ್ಕಲು ನಾಲಗೆ ಚಾಚಿದ. ಅದರ ಕೆಂಪೆಲ್ಲ ಇಳಿದುಹೋಗಿತ್ತು. "ಸಾಕು ಕಣೋ," ಅಂದೆ. ಅವನಿಗೆ ಹೇಳಿದ್ದು, ನನಗೂ ಹೇಳಿಕೊಂಡದ್ದು. ವಾದ ಮಾಡಲು ಜೋಡಿಸಿಟ್ಟಿದ್ದ ಮಾತು ಒಂದೂ ಹೊರಗೆ ಬರಲಿಲ್ಲ.

ನಮ್ಮ ಬೀದಿಯ ಆ ಹುಡುಗ ವೈದ್ಯನೇ, ನಾನು ಅವತ್ತು ಬೇಡ ಅಂದಿದ್ದ ಇಂಜೆಕ್ಷನ್ ಹಿಡಿದು ಮನೆಗೆ ಬಂದ. ಅತ್ತೆ ಬಾಳೆಹಣ್ಣಿನ ಉಂಡೆ ಮಾಡಿ ತಂದರು, ಪುಡಿ ಹಾಕಿರಲಿಲ್ಲ. ಬೋಂಡ ಅದರ ಒಂದಿಷ್ಟನ್ನು ನೆಕ್ಕಿದ. ಮದ್ದು ಹೋಗುವಾಗ ನಾನು ಬೆರಳು ತೆಗೆಯಲಿಲ್ಲ, ಅಲ್ಲಾಡಲಿಲ್ಲ. ಒಳಗೆ ನನ್ನ ಫೋನ್ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ವೈದ್ಯ ಸ್ಟೆತಾಸ್ಕೋಪಿಟ್ಟು ನೋಡಿ, "ಆಯ್ತು ಆಂಟಿ," ಅಂತ ಮೆಲ್ಲಗೆ ಹೇಳಿದ. ನನಗೆ ಅವನಿಗಿಂತ ಮೊದಲೇ ಗೊತ್ತಾಗಿತ್ತು.

ಏನು ಗೊತ್ತಾಗ್ತಿದೆ ಅಂತ ವಾರವಾರವೂ ಡಾಕ್ಟರಮ್ಮ ಕೇಳುತ್ತಿದ್ದ ಪ್ರಶ್ನೆಗೆ ನನ್ನ ಹತ್ತಿರ ಈಗ ಉತ್ತರವಿತ್ತು. ಕೇಳಲು ಅವರಿರಲಿಲ್ಲ. ಬೋಂಡ ತಣ್ಣಗಾಗುವವರೆಗೂ ನಾನು ಅಲ್ಲೇ ಕೂತಿದ್ದೆ.