ಆಯಾ ಬಿಚ್ಚಿಸಿದ ಬೆರಳುಗಳು

"ಬೆರಳ ಬಿಚ್ಚು, ನನ್ನ ರಾಜಾ." ಹುಮನಾಬಾದಿನ ನಮ್ಮ ನರ್ಸರಿಯ ಆಯಾ ಪ್ರತಿ ಮಗುವಿಗೂ ಹೇಳುತ್ತಿದ್ದ ಮಾತು ಇದೊಂದೇ. ಮೊದಲ ದಿನದ ನೆನಪಿಗೆಂದು ಮಕ್ಕಳ ಅಂಗೈಗೆ ನೀಲಿ ಬಣ್ಣ ಹಚ್ಚಿ ಹಾಳೆಗೆ ಒತ್ತಿಸುವುದು ಆಕೆಯ ಕೆಲಸ. ಅಳುವ ಮಗುವಿನ ಮುಷ್ಟಿಯೂ ಆಕೆಯ ಕೈಯಲ್ಲಿ ತಾನಾಗಿ ಅರಳುತ್ತಿತ್ತು.

ಆ ವರ್ಷ ಆಕೆಯ ಮೊಮ್ಮಗಳೂ ಸೇರಿದಳು. ಆಯಾ ಮುಂದೆ ಬರಲಿಲ್ಲ. ನಾನೇ ಬಣ್ಣ ಹಚ್ಚಲು ಹೋದೆ. ಆಯಾ ಬಣ್ಣದ ತಟ್ಟೆ ಕಸಿದು ಎಸೆದಳು. ನನ್ನ ಸೀರೆಯೆಲ್ಲ ನೀಲಿಯಾಯಿತು.

"ಇಕಿಗಿ ಬ್ಯಾಡ್ರಿ, ಟೀಚರ್! ನಮ್ಮ ಮನ್ಯಾಗ ಎಲ್ಲಾರೂ ಹೆಬ್ಬಟ್ಟ ಒತ್ತಿದವ್ರೇ. ಸಾಲಿಗಿ ಬಂದ ಮ್ಯಾಲೂ ಇಕಿ ಒತ್ತೂದೇ ಏನ್ರಿ?"

ಆಕೆ ಮೊಮ್ಮಗಳ ಅಂಗೈಯಲ್ಲಿ ಪೆನ್ಸಿಲ್ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಗಟ್ಟಿ ಹಿಡಿ, ನನ್ನವ್ವಾ."